ಎಡ್ಮಂಡ್ ರಫಿನ್‌ನಿಂದ ಕಲಿಯುವುದೇನಿದೆ?

ಮಣ್ಣಿನ ವಿಷಯ ಬರೆಯುವಾಗ ಅಮೆರಿಕದ ವರ್ಜೀನಿಯಾ ರಾಜ್ಯದ ರೈತ ಎಡ್ಮಂಡ್ ರಫಿನ್‌ನ ಹೆಸರು ತೆಗೆದರೆ ಸಾಕು, ಈ ಪ್ರಶ್ನೆ ಬರುತ್ತದೆ: ‘ಗುಲಾಮರನ್ನು ಇಟ್ಟುಕೊಂಡಿದ್ದ, ಗುಲಾಮಗಿರಿ ಉಳಿಸಲು ಯುದ್ಧವನ್ನೇ ಬಯಸಿದ ಮನುಷ್ಯನನ್ನು ಏಕೆ ನೆನೆಯುತ್ತೀರಿ?’ ಕೇಳಲೇಬೇಕಾದ ಪ್ರಶ್ನೆ ಅದು.

ರಫಿನ್ ಹುಟ್ಟಿದ್ದು 1794ರಲ್ಲಿ. ಜೇಮ್ಸ್ ನದಿಯ ದಡದ ಕಾಗಿನ್ಸ್ ಪಾಯಿಂಟ್ ಜಮೀನು ಅವನ ಕೈಗೆ ಬಂದಾಗ ಅವನಿನ್ನೂ ಎಳೆಯ ಯುವಕ. ತಲೆಮಾರುಗಳ ಕಾಲ ಹೊಗೆಸೊಪ್ಪು, ಮೆಕ್ಕೆಜೋಳ ಬೆಳೆದು ಆ ಭಾಗದ ನೆಲ ಬಸವಳಿದಿತ್ತು. ಎಷ್ಟೋ ಕುಟುಂಬಗಳು ಹೊಸ ಭೂಮಿ ಹುಡುಕಿ ಪಶ್ಚಿಮಕ್ಕೆ ಹೊರಟಿದ್ದವು. ಇವನು ಗೊಬ್ಬರ ಹಾಕಿ ನೋಡಿದ, ನೆಲ ಏಳಲಿಲ್ಲ. ಆಗ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿಯ ಕೃಷಿ ರಸಾಯನಶಾಸ್ತ್ರದ ಪುಸ್ತಕ ಓದಿದ, ಹೊಲ ಸುತ್ತಿ ನೋಡಿದ. ಬಡ ಮಣ್ಣಿನಲ್ಲಿ ಹುಳಿ ಎಲೆಯ ಕಳೆ ಮತ್ತು ಪೈನ್ ಹುಲುಸಾಗಿದ್ದವು. ಚಿಪ್ಪು ಬೆರೆತ ನೆಲದಲ್ಲಿ ಅವು ಕಾಣುತ್ತಿರಲಿಲ್ಲ. ಮಣ್ಣಿನಲ್ಲೇ ಆಮ್ಲವಿದೆ, ಅದು ಹೋಗುವವರೆಗೆ ಗೊಬ್ಬರ ಫಲ ಕೊಡದು ಎಂದು ಅವನು ತೀರ್ಮಾನಿಸಿದ. ಪ್ರಾಚೀನ ಕಡಲ ಚಿಪ್ಪುಗಳು ತುಂಬಿದ, ಆಮ್ಲವನ್ನು ಕಳೆಯುವ ಮಾರ್ಲ್ ಎಂಬ ಸುಣ್ಣಮಣ್ಣು ಅವನ ಜಮೀನಿನ ಅಡಿಯಲ್ಲೇ ಇತ್ತು. 1818ರಲ್ಲಿ ಅದನ್ನು ತೆಗೆಸಿ ಹೊಲಕ್ಕೆ ಹರಡಿಸಿದ. ಮೆಕ್ಕೆಜೋಳದ ಇಳುವರಿ ಶೇಕಡಾ 40ರಷ್ಟು ಏರಿತು.

ಮಳೆ ತೊಳೆದ ಹುಳಿಮಣ್ಣಿಗೆ ಸುಣ್ಣ ಹಾಕುವ ನಮ್ಮ ಮಲೆನಾಡಿನ ಅಡಿಕೆ ತೋಟದವರಿಗೆ ಇದು ಸಹಜವೆನಿಸಬಹುದು. ಆದರೆ ಏಕೆ ಹಾಕಬೇಕು ಎಂಬುದನ್ನು ಆ ಕಾಲದಲ್ಲಿ ಸ್ವಂತ ಹೊಲದಲ್ಲಿ ಪರೀಕ್ಷಿಸಿ, ಫಲವನ್ನು ಅಳೆದು, ಬರೆದಿಟ್ಟದ್ದು ದೊಡ್ಡ ಕೆಲಸ. 1832ರಲ್ಲಿ ಅದು ಪುಸ್ತಕವಾಯಿತು, ಮರುವರ್ಷ ಅವನದೇ ಕೃಷಿ ಪತ್ರಿಕೆ ಶುರುವಾಯಿತು. ನಡುವೆ 1823ರಿಂದ 1826ರವರೆಗೆ ಅವನು ವರ್ಜೀನಿಯಾ ರಾಜ್ಯದ ಸೆನೆಟ್ ಸದಸ್ಯನಾಗಿದ್ದ. ಮತ ಕೇಳುವ ರಾಜಕಾರಣ ಅವನಿಗೆ ಒಗ್ಗಲಿಲ್ಲ, ಅವಧಿ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟ.

ಇನ್ನು ಪ್ರಶ್ನೆಗೆ ಬರುತ್ತೇನೆ. ‘ಕೃಷಿಕ ರಫಿನ್ ಒಳ್ಳೆಯವನು, ರಾಜಕಾರಣಿ ರಫಿನ್ ಕೆಟ್ಟವನು’ ಎಂದು ಅವನನ್ನು ಎರಡು ಪಾಲು ಮಾಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮಾರ್ಲ್ ತಾನಾಗಿ ಮೇಲೆ ಬರಲಿಲ್ಲ. ಎಕರೆಗೆ ನೂರಾರು ಬುಷೆಲ್ (ಒಂದು ಬುಷೆಲ್ ಎಂದರೆ ಸುಮಾರು 35 ಲೀಟರ್) ಹಾಕಬೇಕಿತ್ತು. ಅಷ್ಟನ್ನೂ ಗುಂಡಿಗಿಳಿದು ಅಗೆದವರು, ಗಾಡಿಗೆ ತುಂಬಿದವರು, ಹೊಲದಲ್ಲಿ ಚೆಲ್ಲಿದವರು ಅವನ ಗುಲಾಮರು. ‘ರಫಿನ್ ಮಾರ್ಲ್ ಹಾಕಿದ’ ಎಂದು ಬರೆಯುವಾಗ ನಮ್ಮ ಕೈಯಿಂದಲೂ ಅವರು ಅಳಿಸಿಹೋಗುತ್ತಾರೆ. ಅವನ ಉದ್ದೇಶವೂ ಅಷ್ಟೇ ಸ್ಪಷ್ಟ: ವರ್ಜೀನಿಯಾದ ನೆಲ ಚೇತರಿಸಿಕೊಂಡರೆ ಬಿಳಿಯ ಜಮೀನ್ದಾರರು ಊರು ಬಿಡುವುದಿಲ್ಲ, ಗುಲಾಮರ ದುಡಿಮೆ ಲಾಭ ತರುತ್ತದೆ, ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳ ಬಲ ಉಳಿಯುತ್ತದೆ. ಮಣ್ಣಿನ ಆರೋಗ್ಯ ಅವನಿಗೆ ಆ ವ್ಯವಸ್ಥೆಯ ಆಧಾರವಾಗಿತ್ತು.

ಅದೇ ದಾರಿ ಅವನನ್ನು 1861ರ ಏಪ್ರಿಲ್ 12ರಂದು ಉತ್ತರದ ಸೈನ್ಯದ ಕೈಯಲ್ಲಿದ್ದ ಸಮ್ಟರ್ ಕೋಟೆಯತ್ತ ಫಿರಂಗಿ ಹಾರಿಸುವಲ್ಲಿಗೆ ಒಯ್ದಿತು. ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧ ಶುರುವಾದದ್ದು ಅಲ್ಲಿಯೇ. ಆಗ ಅವನಿಗೆ 67 ವರ್ಷ. ದಕ್ಷಿಣ ಸೋತ ಮೇಲೆ, 1865ರ ಜೂನ್‌ನಲ್ಲಿ, ಯಾಂಕಿಗಳ, ಅಂದರೆ ಉತ್ತರದವರ, ಮೇಲಿನ ದ್ವೇಷವನ್ನು ದಿನಚರಿಯಲ್ಲಿ ಬರೆದಿಟ್ಟು ತನ್ನ ಪ್ರಾಣ ತಾನೇ ತೆಗೆದುಕೊಂಡ.

ಸುಣ್ಣದ ಪಾಠವನ್ನು ನಾನು ಬಿಡುವುದಿಲ್ಲ, ಏಕೆಂದರೆ ಅದು ನಿಜ. ಆದರೆ ಅದನ್ನು ಹೇಳಿದ ಕಡೆಯೆಲ್ಲ ಗುಂಡಿಯಲ್ಲಿ ನಿಂತವರ ಕತೆಯನ್ನೂ ಹೇಳುತ್ತೇನೆ. 1862ರ ಬೇಸಿಗೆಯಲ್ಲಿ ಉತ್ತರದ ಸೈನ್ಯ ಜೇಮ್ಸ್ ನದಿಯ ದಡಕ್ಕೆ ಬಂದಾಗ ರಫಿನ್ ಕುಟುಂಬದ ಜಮೀನುಗಳಿಂದ ಅನೇಕ ಗುಲಾಮರು ತಪ್ಪಿಸಿಕೊಂಡು ಹೋದರು. ಅವರ ಬೆವರಿನಿಂದ ಚೇತರಿಸಿಕೊಂಡ ಹೊಲಗಳು ಹಿಂದೆ ಉಳಿದವು.