ಐ7 ಅಂದ್ರೆ ಐ7 ಅಲ್ವಾ ಮಾಮ?

ಅಕ್ಕನ ಮಗನಿಗೆ ಗೇಮಿಂಗ್ ಪಿಸಿ ಬೇಕಿತ್ತು. ಅಕ್ಕ ಕೊಟ್ಟಿದ್ದು 55 ಸಾವಿರ, ಅದರ ಮೇಲೆ ಒಂದು ರೂಪಾಯಿನೂ ಇಲ್ಲ. ಮಾನಿಟರ್, ಕೀಬೋರ್ಡ್ ಮನೆಯಲ್ಲೇ ಇದ್ದವು. ಒಂದು ಶನಿವಾರ ಇಬ್ಬರೂ ಬೆಂಗಳೂರಿನ ಎಸ್.ಪಿ. ರೋಡಿಗೆ, ಅಂದ್ರೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಸಾಲಿಗೆ, ಹೋದೆವು.

ಮೊದಲನೇ ಅಂಗಡಿಯಲ್ಲೇ, "ಐ7 ಇದೆ ಸಾರ್, ಪೂರ್ತಿ ಸೆಟ್ ಕಮ್ಮೀಲಿ ಮಾಡ್ಕೊಡ್ತೀನಿ" ಅಂದರು. ಹುಡುಗನ ಮುಖ ಅರಳಿತು. ಐ7 ಅಂದ್ರೆ ಇಂಟೆಲ್ ಕಂಪನಿಯ ಮೇಲ್ದರ್ಜೆಯ ಪ್ರೊಸೆಸರ್, ಆದರೆ ಅದರಲ್ಲೂ ಹಳೇದು ಹೊಸದು ಅಂತ ಹಲವು. ಯಾವ ಐ7 ಅಂತ ಕೇಳಿದೆ. 4770. ಅದು ಬಂದಿದ್ದು 2013ರಲ್ಲಿ! ನಾಲ್ಕು ಕೋರ್ (ಕೆಲಸ ಹಂಚಿಕೊಳ್ಳೋ ಒಳಗಿನ ಘಟಕ), ಹಳೇ ತಲೆಮಾರಿನ ಡಿಡಿಆರ್3 ರ್‍ಯಾಮ್. ಅದಕ್ಕಿಂತ ಎಷ್ಟೋ ಆಮೇಲೆ ಬಂದ, ಅಗ್ಗದ ದರ್ಜೆಯ ಐ3 12100ಎಫ್‌ಗೂ ನಾಲ್ಕೇ ಕೋರ್, ಆದರೆ ಒಂದೊಂದು ಕೋರೂ ಆ ಹಳೇ ಐ7ಗಿಂತ ಎಷ್ಟೋ ಚುರುಕು. ಜೊತೆಗೆ ವಿಂಡೋಸ್ 11 ಅಷ್ಟು ಹಳೇ ಪ್ರೊಸೆಸರನ್ನು ಒಪ್ಪಲ್ಲ, ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಅನ್ನೋ ಶೂಟಿಂಗ್ ಗೇಮ್ ಆಡೋಕೆ ಟಿಪಿಎಂ 2.0 ಅನ್ನೋ ಭದ್ರತೆಯ ಸೌಲಭ್ಯ ಬೇಕೇ ಬೇಕು. ಇವನು ಆಡೋದೇ ವ್ಯಾಲೊರಂಟ್. ಗೊಣಗಿಕೊಂಡೇ ಹೊರಗೆ ಬಂದ.

ಅವನ ಹತ್ತಿರ ಇನ್ನೊಂದು ಐಡಿಯಾ ಇತ್ತು. ಎಎಂಡಿ ಕಂಪನಿಯ ರೈಜನ್ 5 5600ಜಿ ಪ್ರೊಸೆಸರ್ ತಗೊಳ್ಳೋಣ, ಒಳಗೇ ಗ್ರಾಫಿಕ್ಸ್ ಇರುತ್ತೆ, ಗ್ರಾಫಿಕ್ಸ್ ಕಾರ್ಡ್ ಆಮೇಲೆ ಹಾಕೋಣ ಅಂತ. ದುಡ್ಡು ಇನ್ನೂ ಕಮ್ಮಿ ಇದ್ದಿದ್ರೆ ನಾನೂ ಹೂಂ ಅಂತಿದ್ದೆ. ಆದರೆ ಜಿ ಇಲ್ಲದ 5600ನಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಚುರುಕು ಮೆಮೊರಿ) 32 ಎಂಬಿ, 5600ಜಿಯಲ್ಲಿ ಅದರ ಅರ್ಧ. ಗೇಮ್‌ಗಳಿಗೆ ಕ್ಯಾಶ್ ಜಾಸ್ತಿ ಇದ್ದಷ್ಟೂ ಒಳ್ಳೇದು. ಪ್ರೊಸೆಸರಿಗೂ ಕಾರ್ಡಿಗೂ ನಡುವಿನ ದಾರಿಗೆ ಪಿಸಿಐಇ ಅಂತಾರೆ, ಜಿ ಚಿಪ್ ಅದರ ಹಳೇ 3.0ಗೇ ನಿಲ್ಲುತ್ತೆ. ಆರ್‌ಎಕ್ಸ್ 6500 ಎಕ್ಸ್‌ಟಿ ಥರದ ಅಗ್ಗದ ಕಾರ್ಡಿಗೆ ಆ ದಾರಿಯಲ್ಲಿ ಇರೋದೇ ನಾಲ್ಕು ಲೇನ್, 3.0ನಲ್ಲಿ ಅದು ಒದ್ದಾಡುತ್ತೆ. ಅಲ್ಲದೆ ನಮ್ಮನೇಲಿ ಆಮೇಲೆ ತಗೊಳ್ಳೋಣ ಅಂದಿದ್ದು ಯಾವುದೂ ಇವತ್ತಿನವರೆಗೆ ಬಂದಿಲ್ಲ.

ಅವನ ಫ್ರೆಂಡ್ ಒಬ್ಬ ಫೋನಿನಲ್ಲೇ, "ಎಎಂ4 ಸತ್ತೋಯ್ತು, ಎಎಂ5 ತಗೋ" ಅಂತ ತಲೆ ಕೆಡಿಸಿದ. ಎಎಂ4, ಎಎಂ5 ಅಂದ್ರೆ ಎಎಂಡಿ ಪ್ರೊಸೆಸರ್ ಕೂರೋ ಸಾಕೆಟ್ಟುಗಳು, 5600 ಕೂರೋದು ಎಎಂ4ನಲ್ಲಿ. ಎಎಂ5ಗೆ ಡಿಡಿಆರ್5 ರ್‍ಯಾಮೇ ಬೇಕು, ಮದರ್‌ಬೋರ್ಡೂ ದುಬಾರಿ. ಆ ದುಡ್ಡು ಎಲ್ಲಿಂದ ಬರಬೇಕು? ಗ್ರಾಫಿಕ್ಸ್ ಕಾರ್ಡಿನಿಂದಲೇ ಕಿತ್ಕೋಬೇಕು. ಇಷ್ಟು ಬಜೆಟ್‌ನಲ್ಲಿ ಕಾರ್ಡಿಗೆ ಕೈ ಹಾಕೋದು ನನಗಂತೂ ಒಪ್ಪಿಗೆಯಿಲ್ಲ.

ಕೊನೆಗೆ ಉಳಿದಿದ್ದು 12100ಎಫ್ ಮತ್ತು 5600. ವ್ಯಾಲೊರಂಟ್ ಒಂದೇ ಆದ್ರೆ ಐ3 ಸಾಕು. ಇವನಿಗೆ ಆಟದ ಜೊತೆ ಫ್ರೆಂಡ್ಸ್ ಹತ್ತಿರ ಮಾತಾಡೋ ಡಿಸ್ಕಾರ್ಡ್ ಆ್ಯಪ್ ಓಡಬೇಕು, ರೆಕಾರ್ಡಿಂಗೂ ಆಗಬೇಕು. ಹಾಗಾಗಿ ಆರು ಕೋರಿನ 5600, ಜೊತೆಗೆ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್.

ನಾವು ಆರಿಸಿದ ಬಿ450 ಮದರ್‌ಬೋರ್ಡ್ ಹಳೇ ಸ್ಟಾಕ್ ಆಗಿದ್ರೆ ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡದೆ 5600 ಅದರಲ್ಲಿ ಎದ್ದೇಳಲ್ಲ. ಅದಕ್ಕೇ ಅಂಗಡಿಯಲ್ಲೇ ಆನ್ ಮಾಡಿ ತೋರಿಸಿ ಅಂದೆ. ಹುಡುಗ ತಾನೇ ಕೂರಿಸ್ತೀನಿ ಅಂದ. ಚಿಪ್‌ನ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿದ. ಕೆಳಗೆ 1,331 ಪಿನ್ನು, ಒಂದು ಬಾಗಿದ್ರೂ ಕಷ್ಟ. "ಒತ್ಬೇಡ, ಸುಮ್ನೆ ಬಿಡು, ಅದೇ ಕೂತ್ಕೊಳುತ್ತೆ" ಅಂದರು ಅಂಗಡಿಯವರು. ಕೂತಿತು. ಸರಳು ಕೆಳಗಿಳಿಸಿ ಲಾಕ್ ಮಾಡಿದ. ಬಾಕ್ಸಿನಲ್ಲಿದ್ದ ಕೂಲರಿಗೆ ಪೇಸ್ಟ್ ಮೊದಲೇ ಹಚ್ಚಿತ್ತು. ಬೋರ್ಡಿನ ಪ್ಲಾಸ್ಟಿಕ್ ಹಿಡಿಕೆ ಬಿಚ್ಚಿ, ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದ.

ಮನೆಗೆ ಬಂದ ಮೇಲೆ ರ್‍ಯಾಮ್ 2133 ವೇಗದಲ್ಲೇ ಓಡ್ತಿತ್ತು. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅನ್ನೋ ರ್‍ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡಿದ ಮೇಲೆ 3200ಕ್ಕೆ ಬಂತು. ಈಗ ಅವನ ವರಾತ ಬೇರೆ. ನಮ್ಮ ಮಾನಿಟರ್ 75 ಹರ್ಟ್ಸ್ (ಸೆಕೆಂಡಿಗೆ 75 ಸಲ ಚಿತ್ರ ಬದಲಿಸೋದು) ಅಂತೆ, 144 ಇಲ್ಲದೆ ಇಷ್ಟೆಲ್ಲಾ ಮಾಡಿದ್ದು ದಂಡವಂತೆ. ಅಮ್ಮನ ಹತ್ತಿರ ನೀನೇ ಮಾತಾಡ್ಕೋ ಅಂದಿದ್ದೀನಿ.