ಆರನೇ ಬೋರ್ಡಿನ ಅರ್ಧ ಪಾಯಿಂಟ್

ಉಳಿದುಕೊಂಡೆವು! ಚೆಸ್ ಲೀಗ್‌ನ ಎರಡನೇ ಡಿವಿಷನ್‌ನಲ್ಲೇ ಉಳಿದುಕೊಂಡೆವು. ಕೊನೆಯ ಪಂದ್ಯ 3-3. ಮಂಗಳವಾರ ರಾತ್ರಿ ಹನ್ನೊಂದು ದಾಟಿದ ಮೇಲೆ ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಡ್ರಾ ಆಗಿದ್ದಕ್ಕೆ ಇಷ್ಟೊಂದು ಖುಷಿನಾ?" ಅಂದಳು. ಹೌದು, ಇಷ್ಟೊಂದು ಖುಷಿ. ಯಾಕೆ ಅಂತ ಅವತ್ತು ರಾತ್ರಿ ಅವಳಿಗೆ ಪೂರ್ತಿ ಹೇಳೋಕೆ ಆಗಲಿಲ್ಲ, ನಿದ್ದೆ ಬಂದಿತ್ತು ಪಾಪ. ಇಲ್ಲಿ ಬರೆಯುತ್ತೇನೆ.

ಇಂಗ್ಲೆಂಡಿನ ಚೆಸ್ ಲೀಗ್ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಇಲ್ಲಿ ಊರೂರಿಗೆ ಚೆಸ್ ಕ್ಲಬ್ ಇದೆ. ವಾರದಲ್ಲಿ ಒಂದು ಸಂಜೆ, ಚರ್ಚ್ ಹಾಲ್‌ನಲ್ಲೋ ಪಬ್‌ನ ಹಿಂದಿನ ಕೋಣೆಯಲ್ಲೋ ಸೇರುತ್ತಾರೆ. ಅಕ್ಕಪಕ್ಕದ ಊರುಗಳ ಕ್ಲಬ್‌ಗಳು ಸೇರಿ ಒಂದು ಲೀಗ್. ಸೆಪ್ಟೆಂಬರ್‌ನಲ್ಲಿ ಶುರುವಾಗಿ ಮೇ ಹೊತ್ತಿಗೆ ಮುಗಿಯುತ್ತದೆ, ಚಳಿಗಾಲದ ಆಟ ಅಂತಲೇ ಹೇಳಬೇಕು. ನಮ್ಮ ಲೀಗ್‌ನಲ್ಲಿ ಟೀಮ್‌ಗೆ ಆರು ಜನ. ರೇಟಿಂಗ್ (ಆಟದ ಬಲ ತೋರಿಸುವ ಅಂಕ) ಜಾಸ್ತಿ ಇರುವವರು ಒಂದನೇ ಬೋರ್ಡ್, ಹಾಗೇ ಇಳಿಯುತ್ತಾ ಆರನೇ ಬೋರ್ಡ್. ಆರು ಆಟಗಳೂ ಒಟ್ಟಿಗೆ ಶುರು, ಒಬ್ಬೊಬ್ಬರಿಗೆ 75 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಸೇರುತ್ತಾ ಹೋಗುತ್ತದೆ. ಏಳೂವರೆಗೆ ಕೂತರೆ ಹತ್ತೂವರೆ ಆಗಿಯೇ ಆಗುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಒಂದೇ ವಿಷಯ. ಒಂದನೇ ಬೋರ್ಡ್‌ನಲ್ಲಿ ಗೆದ್ದರೂ ಒಂದು ಪಾಯಿಂಟ್, ಆರನೇ ಬೋರ್ಡ್‌ನಲ್ಲಿ ಗೆದ್ದರೂ ಒಂದೇ ಪಾಯಿಂಟ್. ಅಷ್ಟೇ ತೂಕ.

ಈಗ ನಮ್ಮ ಪರಿಸ್ಥಿತಿ ಕೇಳಿ. ಡಿವಿಷನ್‌ನಲ್ಲಿ ಹತ್ತು ಟೀಮ್, ಒಟ್ಟು 18 ಪಂದ್ಯ, ಕೊನೆಯ ಎರಡು ಟೀಮ್ ಕೆಳಗಿನ ಡಿವಿಷನ್‌ಗೆ. ಗೆದ್ದರೆ 2, ಡ್ರಾ ಆದರೆ 1. ಹದಿನೇಳು ಪಂದ್ಯ ಮುಗಿದಾಗ ನಮಗೆ 12 ಪಾಯಿಂಟ್. ನಮ್ಮ ಜೊತೆ ಜಗ್ಗಾಡುತ್ತಿದ್ದ ಇನ್ನೊಂದು ಟೀಮ್ ತನ್ನ ಎಲ್ಲ ಪಂದ್ಯ ಮುಗಿಸಿತ್ತು, ಅವರಿಗೂ 12. ಆದರೆ ಬೋರ್ಡ್ ಪಾಯಿಂಟ್, ಅಂದರೆ ಒಂದೊಂದು ಬೋರ್ಡ್‌ನಲ್ಲಿ ಬಂದ ಪಾಯಿಂಟ್‌ಗಳ ಮೊತ್ತ, ಅವರದ್ದೇ ಜಾಸ್ತಿ. ಅಂದರೆ ಕೊನೆಯ ಪಂದ್ಯ ಸೋತರೆ ನಾವು ಕೆಳಗೆ, ಡ್ರಾ ಆದರೂ ಸಾಕು ಅವರು ಕೆಳಗೆ.

ಒಂದನೇ ಬೋರ್ಡ್ ಬೇಗ ಸೋತಿತು. ಎರಡನೆಯದು ಡ್ರಾ. ಮೂರನೇ ಬೋರ್ಡ್‌ನಲ್ಲಿ ನಮ್ಮ ಕಾಲೇಜು ಹುಡುಗ ಚೆನ್ನಾಗಿ ಗೆದ್ದ, ನಾಲ್ಕರಲ್ಲಿ ನಾನು ಗೆದ್ದೆ. ಎದುರಾಳಿ ಸಮಯ ಸಾಲದೆ ಒಂದು ಕುದುರೆ ಬಿಟ್ಟರು, ಅದರ ಬಗ್ಗೆ ಬರೆಯುವಂಥದ್ದೇನಿಲ್ಲ. ಐದನೇ ಬೋರ್ಡ್ ಸೋಲು. ಎರಡೂವರೆ, ಎರಡೂವರೆ. ಗಂಟೆ ಹತ್ತೂ ಇಪ್ಪತ್ತು. ಉಳಿದದ್ದು ಆರನೇ ಬೋರ್ಡ್ ಒಂದೇ, ಅಲ್ಲಿ ಕೂತಿದ್ದವರು ನಮ್ಮ ಅಜ್ಜ.

ಅಜ್ಜ ಅಂತ ನಾನು ಇಲ್ಲಿ ಬರೆಯುತ್ತಿದ್ದೇನೆ. ಕ್ಲಬ್‌ನಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯೋದು, ಹನ್ನೊಂದು ವರ್ಷದ ಮಕ್ಕಳೂ ಕೂಡ. ಅವರಿಗೆ 78 ವರ್ಷ. ಅಷ್ಟು ದೊಡ್ಡವರನ್ನು ಹೆಸರು ಹಿಡಿದು ಕರೆಯೋಕೆ ನನಗೆ ಬಾಯೇ ಬರುತ್ತಿರಲಿಲ್ಲ, ಎರಡು ವರ್ಷ "ನೀವು, ಸರ್" ಅಂತ ಸುತ್ತಿ ಬಳಸಿ ಮಾತಾಡಿದ್ದೇನೆ. ಮನಸ್ಸಿನಲ್ಲಿ ಮಾತ್ರ ಇವತ್ತಿಗೂ ಅವರು ಅಜ್ಜನೇ. ಈ ಕ್ಲಬ್‌ಗೆ ಅವರು ಸೇರಿದ್ದು 19ನೇ ವಯಸ್ಸಿನಲ್ಲಂತೆ. ಲೆಕ್ಕ ಹಾಕಿ.

ಬೋರ್ಡ್ ಹೀಗಿತ್ತು. ಎದುರಾಳಿಗೆ ಒಂದು ಆನೆ, ಒಂದು ಕಾಲಾಳು. ಅಜ್ಜನಿಗೆ ಬರೀ ಆನೆ. ಬಿಳಿ ಕಾಲಾಳು ಇ5ರಲ್ಲಿ (ಅಕ್ಷರ ಉದ್ದ ಸಾಲಿಗೆ, ಅಂಕಿ ಅಡ್ಡ ಸಾಲಿಗೆ), ಬಿಳಿ ರಾಜ ಪಕ್ಕದಲ್ಲೇ ಡಿ5ರಲ್ಲಿ. ಅಜ್ಜನ ರಾಜ ಇ8ರಲ್ಲಿ, ದಾರಿಗೆ ಅಡ್ಡ. ಎದುರು ಕೂತಿದ್ದ ಹುಡುಗನಿಗೆ ಇಪ್ಪತ್ತೈದು ಇರಬಹುದು, ತುಂಬಾ ಆತ್ಮವಿಶ್ವಾಸ ಇತ್ತು ಮುಖದಲ್ಲಿ. ಅಜ್ಜನ ಗಡಿಯಾರದಲ್ಲಿ ಎರಡು ನಿಮಿಷವೂ ಇರಲಿಲ್ಲ. ಕೈ ಸ್ವಲ್ಪ ನಡುಗುತ್ತದೆ ಅವರಿಗೆ, ಅದು ಭಯಕ್ಕಲ್ಲ, ವಯಸ್ಸಿಗೆ.

ಆನೆಯನ್ನು ಬಿ6ರಲ್ಲಿ ಇಟ್ಟಿದ್ದರು. ಬಿ6ನಿಂದ ಎ6. ಎ6ನಿಂದ ಮತ್ತೆ ಬಿ6. ಬೇರೇನೂ ಮಾಡುತ್ತಿಲ್ಲ. ಆ ಸಾಲಿನಲ್ಲಿ ಆನೆ ಇರುವವರೆಗೆ ಬಿಳಿ ರಾಜ ಮುಂದೆ ಬರೋ ಹಾಗಿಲ್ಲ, ಗೋಡೆ ಕಟ್ಟಿದ ಹಾಗೆ. ಹುಡುಗ ತನ್ನ ಆನೆಯನ್ನು ಅಲ್ಲಿ ಇಲ್ಲಿ ಓಡಾಡಿಸಿ ನೋಡಿದ. ಕೊನೆಗೆ ಬೇರೆ ದಾರಿ ಕಾಣದೆ ಕಾಲಾಳನ್ನು ಇ6ಕ್ಕೆ ನೂಕಿದ. ಅವನ ಕೈ ಕಾಲಾಳಿನಿಂದ ಏಳುವಷ್ಟರಲ್ಲಿ ಅಜ್ಜನ ಆನೆ ಬಿ6ನಿಂದ ಬಿ1ಕ್ಕೆ ಇಳಿದಿತ್ತು! ಬೋರ್ಡಿನ ಆ ತುದಿಗೆ. ಅಲ್ಲಿಂದ ಹಿಂದಿನಿಂದ ಚೆಕ್. ಇನ್ನೊಂದು ಚೆಕ್. ಬಿಳಿ ರಾಜ ಬಚ್ಚಿಟ್ಟುಕೊಳ್ಳೋಕೆ ಇದ್ದ ಒಂದೇ ಜಾಗ ಇ6, ಅಲ್ಲಿ ಈಗ ಅವನದೇ ಕಾಲಾಳು ನಿಂತಿದೆ. ಐದಾರು ಚೆಕ್ ಆದ ಮೇಲೆ ಹುಡುಗ ತಲೆ ಎತ್ತಿ ನಕ್ಕು ಕೈ ಚಾಚಿದ. ಡ್ರಾ. ಹಾಲ್ ಬೀಗ ಹಾಕೋಕೆ ಬಂದಿದ್ದ ವ್ಯಕ್ತಿ ಕೀಲಿ ಗೊಂಚಲು ಹಿಡಿದುಕೊಂಡು ಬಾಗಿಲಲ್ಲೇ ನಿಂತು ಎಲ್ಲ ನೋಡುತ್ತಿದ್ದರು. ಅವರಿಗೆ ಚೆಸ್ ಬರೋದಿಲ್ಲ, ಆದರೂ ಚಪ್ಪಾಳೆ ತಟ್ಟಿದರು.

ಚೆಸ್ ಓದಿದವರಿಗೆ ಗೊತ್ತಿರುತ್ತದೆ, ಇದು ಫಿಲಿಡೋರ್ ಡ್ರಾ. 1777ರಲ್ಲೇ ಫಿಲಿಡೋರ್ ಅದನ್ನು ವಿವರಿಸಿ ಬರೆದಿಟ್ಟಿದ್ದಾನೆ. ಫ್ರಾನ್ಸ್‌ನವನು, ಸಂಗೀತಗಾರ, ಒಪೆರಾಗಳನ್ನು ಬರೆದವನು. ವರ್ಷವರ್ಷ ಲಂಡನ್ನಿಗೆ ಬಂದು ಚೆಸ್ ಆಡುತ್ತಿದ್ದ, 1795ರಲ್ಲಿ ತೀರಿಕೊಂಡದ್ದೂ ಲಂಡನ್ನಿನಲ್ಲೇ. ಅವನು ಹೇಳಿಕೊಟ್ಟ ಉಪಾಯ ಇನ್ನೂರು ವರ್ಷ ದಾಟಿದ ಮೇಲೆ ಒಂದು ಚರ್ಚ್ ಹಾಲ್‌ನಲ್ಲಿ ನಮ್ಮ ಟೀಮನ್ನು ಉಳಿಸಿತು. ನನಗೂ ಆ ಪಾಠ ಪುಸ್ತಕದಲ್ಲಿ ಗೊತ್ತು. ಎರಡು ನಿಮಿಷ ಗಡಿಯಾರ ಇಟ್ಟುಕೊಂಡು, ಹತ್ತು ಜನ ಸುತ್ತ ನಿಂತು ನೋಡುತ್ತಿರುವಾಗ, ಸರಿಯಾದ ನಡೆಗೇ ಆನೆಯನ್ನು ಕೆಳಗಿಳಿಸುವುದು ಬೇರೆ ಮಾತು.

ನಮ್ಮ ಕ್ಲಬ್‌ನ ಎರಡನೇ ಟೀಮ್ ವಿಷಯಕ್ಕೆ ಬಂದರೆ, ಮೂರನೇ ಡಿವಿಷನ್‌ನಲ್ಲಿ ಮೂರನೇ ಸ್ಥಾನ. ಮೇಲೆ ಹೋಗುವುದು ಎರಡೇ ಟೀಮ್, ಒಂದು ಪಾಯಿಂಟ್‌ನಲ್ಲಿ ತಪ್ಪಿತು. ಫೆಬ್ರವರಿಯಲ್ಲಿ ಒಂದು ರಾತ್ರಿ ರೈಲು ಮಧ್ಯದಲ್ಲೇ ನಿಂತು ನಮ್ಮವರೊಬ್ಬರು ಬರೋಕೆ ಆಗಲಿಲ್ಲ, ಆ ಬೋರ್ಡ್ ಆಡದೆಯೇ ಹೋಯಿತು, ಪಂದ್ಯ ಮೂರೂವರೆ-ಎರಡೂವರೆ ಸೋತೆವು. ಅದೊಂದು ಹೊಟ್ಟೆ ಉರಿ ಇನ್ನೂ ಇದೆ. ಆದರೆ ಆ ಟೀಮಿನ ಐದನೇ ಬೋರ್ಡ್‌ನಲ್ಲಿ ಆಡುವ ಹನ್ನೊಂದು ವರ್ಷದ ಹುಡುಗಿ ಹನ್ನೆರಡು ಆಟದಲ್ಲಿ ಒಂಬತ್ತು ಪಾಯಿಂಟ್ ತೆಗೆದಿದ್ದಾಳೆ. ಮುಂದಿನ ವರ್ಷ ನನ್ನ ಬೋರ್ಡ್ ಅವಳಿಗೆ ಹೋದರೆ ನನಗೆ ಸಂತೋಷವೇ.

ಇಂಥ ಮಕ್ಕಳು ಈಗ ಪ್ರತಿ ಕ್ಲಬ್‌ನಲ್ಲೂ ಕಾಣುತ್ತಾರೆ, ಅದರಲ್ಲಿ ನಮ್ಮ ಕಡೆಯವರ ಮಕ್ಕಳೂ ಜಾಸ್ತಿ. ಹ್ಯಾರೋದ ಬೋಧನಾ ಶಿವಾನಂದನ್ ಬಗ್ಗೆ ಓದಿರುತ್ತೀರಿ. 2020ರ ಲಾಕ್‌ಡೌನ್ ಹೊತ್ತಿಗೆ ಅವಳ ತಂದೆಯ ಸ್ನೇಹಿತರೊಬ್ಬರು ಭಾರತಕ್ಕೆ ವಾಪಸ್ ಹೋಗುವಾಗ ಬಿಟ್ಟುಕೊಟ್ಟ ಸಾಮಾನಿನ ಚೀಲದಲ್ಲಿ ಒಂದು ಚೆಸ್ ಬೋರ್ಡ್ ಇತ್ತು, ಅಲ್ಲಿಂದ ಶುರು. 2024ರಲ್ಲಿ ಒಂಬತ್ತನೇ ವಯಸ್ಸಿಗೆ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಇಂಗ್ಲೆಂಡ್ ಮಹಿಳಾ ತಂಡಕ್ಕೆ ಆಡಿದಳು. 2025ರಲ್ಲಿ ಲಿವರ್‌ಪೂಲ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಪೀಟರ್ ವೆಲ್ಸ್ ಅವರನ್ನೇ ಸೋಲಿಸಿದಳು, ಆಗ ಅವಳಿಗೆ ಹತ್ತು ವರ್ಷ, ಅವರಿಗೆ ಅರವತ್ತು. ಇನ್ನು ಶ್ರೇಯಸ್ ರಾಯಲ್ ಅಂತೂ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಹುಡುಗ, ಮೂರು ವರ್ಷದವನಿದ್ದಾಗ ಇಲ್ಲಿಗೆ ಬಂದವನು. 2018ರಲ್ಲಿ ತಂದೆಯ ವೀಸಾ ಮುಗಿದು ಇಡೀ ಕುಟುಂಬ ವಾಪಸ್ ಹೋಗಬೇಕಾದ ಪರಿಸ್ಥಿತಿ ಬಂದು, ಕೊನೆಗೆ ಇರೋಕೆ ಅನುಮತಿ ಸಿಕ್ಕಿತು. 2024ರಲ್ಲಿ ಹಲ್ ಊರಿನ ಬ್ರಿಟಿಷ್ ಚಾಂಪಿಯನ್‌ಷಿಪ್‌ನಲ್ಲಿ ಹದಿನೈದನೇ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆದ, ಈ ದೇಶದಲ್ಲಿ ಅವನಿಗಿಂತ ಚಿಕ್ಕ ವಯಸ್ಸಿಗೆ ಯಾರೂ ಆಗಿರಲಿಲ್ಲ.

ನಮ್ಮ ಊರಲ್ಲೂ ದೊಡ್ಡ ಆಟಗಾರರಿಗೆ ಕಮ್ಮಿ ಇಲ್ಲ. 2017ರಲ್ಲಿ ಮೈಸೂರಿನ ತೇಜ್‌ಕುಮಾರ್, ರೈಲ್ವೆಯಲ್ಲಿ ಕೆಲಸ ಮಾಡುವವರು, ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆಮೇಲೆ ಸ್ಟ್ಯಾನಿ, ಗಿರೀಶ್ ಕೌಶಿಕ್, ಪ್ರಣವ್ ಆನಂದ್. ಆದರೆ ನಾನು ಹೇಳುತ್ತಿರುವುದು ಆರನೇ ಬೋರ್ಡಿನವರ ಬಗ್ಗೆ. ಹಾಸನದಲ್ಲಿ ನನಗೆ ಚೆಸ್ ಕಲಿಸಿದ್ದು ಸೋದರಮಾವ, ಜಗಲಿ ಮೇಲೆ ಕೂರಿಸಿಕೊಂಡು. ಆಮೇಲೆ ಆಡಿದ್ದೆಲ್ಲ ಭಾನುವಾರದ ಓಪನ್ ಟೂರ್ನಿಗಳು. ಅಲ್ಲಿ ನಿನ್ನ ಪಾಯಿಂಟ್ ನಿನಗೆ, ನನ್ನ ಪಾಯಿಂಟ್ ನನಗೆ. ಸೋತರೆ ಒಬ್ಬನೇ ಬಸ್ ಹತ್ತಿ ಮನೆಗೆ. ಕೆಲಸ ಸಿಕ್ಕಿದ ಮೇಲೆ ಬಿಟ್ಟೇಬಿಟ್ಟೆ, ನನ್ನ ಜೊತೆಯವರೂ ಬಿಟ್ಟರು. ಮಾವನಿಗೆ ಈಗ 71. ಚೆನ್ನಾಗಿ ಆಡುತ್ತಾರೆ, ಫೋನ್‌ನಲ್ಲಿ ಕಂಪ್ಯೂಟರ್ ಜೊತೆ. ಎದುರಿಗೆ ಕೂರುವ ಮನುಷ್ಯ ಇಲ್ಲ. ಮೈಸೂರು, ಮಂಡ್ಯ, ಹಾಸನ, ಚನ್ನರಾಯಪಟ್ಟಣ ಅಂತ ನಾಲ್ಕು ಊರಿನವರು ಆರಾರು ಜನ ಸೇರಿ ತಿಂಗಳಿಗೊಂದು ಭಾನುವಾರ ಒಬ್ಬರ ಊರಿಗೆ ಒಬ್ಬರು ಹೋಗಿ ಆಡಿದರೆ ಖರ್ಚೇನಿದೆ ಹೇಳಿ? ಶಾಲೆಯ ಒಂದು ಕೋಣೆ, ಆರು ಬೋರ್ಡ್, ಬಸ್ ಚಾರ್ಜ್, ಮಧ್ಯಾಹ್ನದ ಊಟ. ಯಾರಾದರೂ ಶುರು ಮಾಡುವುದಾದರೆ ನಿಯಮಗಳನ್ನೆಲ್ಲ ಕನ್ನಡದಲ್ಲಿ ಬರೆದುಕೊಡಲು ನಾನು ಸಿದ್ಧ. ಸುಮ್ನೆ ಹೇಳುತ್ತಿಲ್ಲ.

ಈಗ ಕೌಂಟಿ ಸುದ್ದಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಕ್ಲಬ್ ಬೇರೆಬೇರೆ ಇದ್ದರೂ ಶನಿವಾರ ಮಧ್ಯಾಹ್ನ ಎಲ್ಲರೂ ಕೌಂಟಿಗಾಗಿ ಒಟ್ಟಿಗೆ ಆಡುತ್ತಾರೆ. ಚೆಸ್‌ನವರು ಹಳೇ ಕೌಂಟಿಗಳನ್ನು ಬಿಟ್ಟುಕೊಟ್ಟಿಲ್ಲ. ಮಿಡ್ಲ್‌ಸೆಕ್ಸ್ ಅನ್ನುವ ಕೌಂಟಿಯ ಆಡಳಿತ 1965ರಲ್ಲೇ ಹೋಯಿತು, ಬಹುಪಾಲು ಲಂಡನ್ನಿಗೆ ಸೇರಿಕೊಂಡಿತು, ಆದರೆ ಮಿಡ್ಲ್‌ಸೆಕ್ಸ್ ಚೆಸ್ ತಂಡ ಇವತ್ತಿಗೂ ಇದೆ, ಬಲವಾಗಿಯೂ ಇದೆ. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಯಾರೂ ಕೇಳುವುದಿಲ್ಲ, ಕೌಂಟಿಯಲ್ಲಿ ಮನೆ ಇದ್ದರೆ ಆಯಿತು.

ರೇಟಿಂಗ್ ನೋಡಿ ವಿಭಾಗ ಮಾಡುತ್ತಾರೆ. ಎಲ್ಲರಿಗಿಂತ ಮೇಲೆ ಓಪನ್, ಅದಕ್ಕೆ ಹದಿನಾರು ಬೋರ್ಡ್. ನನ್ನಂಥವರು 1650ಕ್ಕಿಂತ ಕೆಳಗಿನ ವಿಭಾಗದಲ್ಲಿ, ಅದಕ್ಕೆ ಹನ್ನೆರಡು. 2020ರ ತನಕ ಇಲ್ಲಿ ರೇಟಿಂಗ್ ಮೂರು ಅಂಕಿಯಲ್ಲಿತ್ತು, ಹಳಬರು ಇವತ್ತಿಗೂ "ನಾನು 120" ಅನ್ನುತ್ತಾರೆ. ಏಳೂವರೆಯಿಂದ ಗುಣಿಸಿ 700 ಕೂಡಿಸಿದರೆ 1600, ಈಗಿನ ಲೆಕ್ಕ ಅದು.

ಓಪನ್ ತಂಡಕ್ಕೆ ಈ ಸಲ ಕಷ್ಟವಾಯಿತು. ದೊಡ್ಡ ಪಂದ್ಯದ ದಿನವೇ ನಮ್ಮ ಬಲವಾದ ಆಟಗಾರರಲ್ಲಿ ನಾಲ್ವರು ಫೋರ್ ನೇಷನ್ಸ್ ಲೀಗ್‌ಗೆ ಹೋಗಿದ್ದರು. ಅದು 1993ರಲ್ಲಿ ಶುರುವಾದದ್ದು, ದೇಶದ ದೊಡ್ಡ ಲೀಗ್, ಗ್ರ್ಯಾಂಡ್‌ಮಾಸ್ಟರ್‌ಗಳ ಎದುರು ಕೂರುವ ಅವಕಾಶ ಇದೆ, ಅವರನ್ನು ತಪ್ಪು ಅನ್ನೋಕೆ ಆಗಲ್ಲ. ಆದರೂ ಕೌಂಟಿ ಕ್ಯಾಪ್ಟನ್ ಶುಕ್ರವಾರ ರಾತ್ರಿ ಹತ್ತರವರೆಗೆ ಒಬ್ಬೊಬ್ಬರಿಗೆ ಫೋನ್ ಮಾಡಿ ಹದಿನಾರು ಜನರನ್ನು ಕೂಡಿಸಿದ್ದು ನೋಡಿ ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಇದಕ್ಕೆ ಅವರಿಗೆ ಯಾರೂ ಒಂದು ಪೌಂಡ್ ಕೊಡುವುದಿಲ್ಲ. 10-6 ಸೋತೆವು. ಒಂದು ಬೋರ್ಡೂ ಖಾಲಿ ಬಿಡಲಿಲ್ಲ.

ನಮ್ಮ 1650 ತಂಡ ಮಾತ್ರ ಆರೂವರೆ-ಐದೂವರೆ ಗೆದ್ದು ಸೆಮಿಫೈನಲ್ ತಲುಪಿದೆ! ಒಬ್ಬರಿಗೆ ಜ್ವರ ಬಂದು ಕೊನೆಗಳಿಗೆಯಲ್ಲಿ ನನ್ನನ್ನು ಕರೆದಿದ್ದರು, ಹತ್ತನೇ ಬೋರ್ಡ್‌ನಲ್ಲಿ ಮೂರೂಮುಕ್ಕಾಲು ಗಂಟೆ ಕೂತು ಡ್ರಾ ಮಾಡಿದೆ. ಕೌಂಟಿ ಪಂದ್ಯದಲ್ಲಿ ಟೀ, ಸ್ಯಾಂಡ್‌ವಿಚ್, ಕೇಕ್ ಇರುತ್ತದೆ. ಆತಿಥ್ಯ ಮಾಡುವವರು ಮನೆಯಲ್ಲೇ ಮಾಡಿ ತಂದಿರುತ್ತಾರೆ. ಈ ಸಲ ನಾನು ಚಕ್ಕುಲಿ ತೆಗೆದುಕೊಂಡು ಹೋಗಿದ್ದೆ, ಅರ್ಧ ಗಂಟೆಯಲ್ಲಿ ಡಬ್ಬಿ ಖಾಲಿ. ಆಡುವಾಗ ಕಟುಂ ಅಂತ ಸದ್ದಾಗುತ್ತದೆ ಅಂತ ಹಾಲ್‌ನ ಹೊರಗೆ ನಿಂತು ತಿಂದು ಬಂದರು.

ಸೆಮಿಫೈನಲ್ ಜೂನ್‌ನಲ್ಲಿ. ಆಗ ಮಕ್ಕಳಿಗೆಲ್ಲ ಪರೀಕ್ಷೆ, ನಮ್ಮ ಹನ್ನೆರಡರಲ್ಲಿ ನಾಲ್ವರು ಹೈಸ್ಕೂಲಿನವರೇ. ಕ್ಯಾಪ್ಟನ್ ಮತ್ತೆ ಫೋನ್ ಹಿಡಿದಿದ್ದಾರೆ. ನಾನು ಬರುತ್ತೇನೆ ಅಂದೆ. ನಮ್ಮ ಕ್ಲಬ್‌ನಿಂದ ಇನ್ನೊಬ್ಬರು ಬೇಕು ಅಂದರು, ಅಜ್ಜನ ಹೆಸರು ಕೊಟ್ಟೆ. ಅವರು ಕೌಂಟಿಗೆ ಆಡಿ ಇಪ್ಪತ್ತು ವರ್ಷ ಆಯಿತಂತೆ, ಮೊದಲು ಬೇಡ ಅಂದರು, ಮಾರನೇ ದಿನ ಅವರೇ ಫೋನ್ ಮಾಡಿ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಕೇಳಿದರು. ಹನ್ನೆರಡನೇ ಬೋರ್ಡ್. ಅವರು ಈಗ ಕಾರು ಓಡಿಸುವುದಿಲ್ಲ, ನಾನೇ ಕರೆದುಕೊಂಡು ಹೋಗುತ್ತೇನೆ. ಎರಡು ಗಂಟೆ ದಾರಿ, ಬೆಳಿಗ್ಗೆ ಹತ್ತಕ್ಕೆ ಅವರ ಮನೆ ಮುಂದೆ ಇರುತ್ತೇನೆ ಅಂತ ಹೇಳಿದ್ದೇನೆ.