ಕಾಂಟ್ ಓದಿದ ಮೇಷ್ಟ್ರು, ಕೊಡಲಿ ಹಿಡಿದ ಶಿಷ್ಯರು

ಶನಿವಾರ, 25 ಸೆಪ್ಟೆಂಬರ್ 2021

ಪೆರು ದೇಶದ ಮಾವೋವಾದಿ ಬಂಡುಕೋರ ನಾಯಕ ಅಬಿಮಾಯೆಲ್ ಗುಸ್ಮಾನ್‌ನ ಶವವನ್ನು ನಿನ್ನೆ ಸುಟ್ಟು, ಬೂದಿಯನ್ನು ಎಲ್ಲೋ ಗುಟ್ಟಾಗಿ ಚೆಲ್ಲಿದ್ದಾರೆ. ಸಮಾಧಿ ಕಟ್ಟಿದರೆ ಅಲ್ಲಿ ಹೂವು ಹಿಡಿದು ಬರುವವರು ಇದ್ದೇ ಇರುತ್ತಾರೆ ಅನ್ನೋ ಭಯ. ಅದಕ್ಕಾಗಿ ಹೊಸ ಕಾನೂನನ್ನೇ ತಂದರು. ಜೈಲಿನಲ್ಲೇ 86ನೇ ವಯಸ್ಸಿಗೆ, ಇದೇ 11ಕ್ಕೆ ಸತ್ತಿದ್ದ.

ಇವನು ಕಾಡಿನಿಂದ ಎದ್ದು ಬಂದವನಲ್ಲ. ಅನುಕೂಲಸ್ಥ ವ್ಯಾಪಾರಿಯ ಮಗ, ಮದುವೆಯಾಚೆ ಹುಟ್ಟಿದವನು. ಕ್ಯಾಥೊಲಿಕ್ ಶಾಲೆಯಲ್ಲಿ ಓದಿ, ಕಾಂಟ್‌ನ ತತ್ವಶಾಸ್ತ್ರದ ಮೇಲೆ ಪ್ರಬಂಧ ಬರೆದ. 1962ರಲ್ಲಿ ಆಂಡಿಸ್ ಬೆಟ್ಟಗಳ ನಡುವಿನ ಅಯಾಕುಚೊ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಬಂದ. ಬಡ ಊರು. ಮೂಲನಿವಾಸಿಗಳ ಕೆಚುವಾ ಭಾಷೆ ಮಾತಾಡುವ ರೈತರ ಮಕ್ಕಳು ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುತ್ತಿದ್ದ ಕಾಲ. ಅವರಲ್ಲಿ ಎಷ್ಟೋ ಜನ ಶಿಕ್ಷಕರ ತರಬೇತಿ ಮುಗಿಸಿ ಹಳ್ಳಿಗೆ ಮರಳಿದರು, ಇವನ ಪಾಠವನ್ನೂ ಹೊತ್ತುಕೊಂಡು. ಬಂದೂಕು ಸಿಗುವ ಮೊದಲೇ ಸಂಘಟನೆ ಸಿದ್ಧವಾಗಿದ್ದು ಹೀಗೆ. ಆ ಹುಡುಗರ ಸಿಟ್ಟಿಗೆ ಕಾರಣ ಇತ್ತು, ಅದನ್ನು ನಾನು ಅಲ್ಲಗಳೆಯಲ್ಲ. ಇವನು ಚೀನಾಕ್ಕೆ ಹೋಗಿಬಂದು ಮಾವೋನನ್ನು ತಲೆಯಲ್ಲಿ ತುಂಬಿಕೊಂಡಿದ್ದ. ಶಿಷ್ಯರು ಇವನನ್ನು ಮಾರ್ಕ್ಸ್, ಲೆನಿನ್, ಮಾವೋ ನಂತರದ 'ನಾಲ್ಕನೇ ಖಡ್ಗ' ಎಂದು ಕರೆದರು.

1980ರ ಮೇ 17. ಹನ್ನೆರಡು ವರ್ಷದ ಸೈನಿಕ ಆಡಳಿತದ ನಂತರ ಮಾರನೇ ದಿನವೇ ಚುನಾವಣೆ. ಚುಸ್ಚಿ ಎಂಬ ಹಳ್ಳಿಯಲ್ಲಿ ಇವನ ಕಡೆಯವರು ಮತಪೆಟ್ಟಿಗೆ ಸುಟ್ಟರು. ಜನರಿಗೆ ವೋಟು ಸಿಗುವ ಹೊತ್ತಿಗೇ 'ಜನಯುದ್ಧ' ಶುರು! 'ಹೊಳೆಯುವ ಹಾದಿ' ಎಂದು ಹೆಸರಾದ ಪಕ್ಷ ಇದೇ.

ಲುಕನಮಾರ್ಕ ಎಂಬ ಊರಿನ ಜನ ಇವರ ದಬ್ಬಾಳಿಕೆಗೆ ಬೇಸತ್ತು ಅಲ್ಲಿನ ಕಮಾಂಡರ್ ಒಬ್ಬನನ್ನು ಕೊಂದರು. 1983ರ ಏಪ್ರಿಲ್ 3ರಂದು ಸೇಡು ತೀರಿತು. ಕೊಡಲಿ, ಮಚ್ಚು, ಕುದಿಯುವ ನೀರು. ಸತ್ತವರು 69 ಮಂದಿ, ಅದರಲ್ಲಿ ಆರು ತಿಂಗಳ ಕೂಸೂ ಸೇರಿತ್ತು. ಮೇಷ್ಟ್ರು ಯಾರ ಹೆಸರಲ್ಲಿ ಯುದ್ಧ ಸಾರಿದ್ದರೋ ಅದೇ ರೈತರು ಇವರು.

ಸೈನ್ಯವೂ ಕಡಿಮೆ ರಕ್ತ ಹರಿಸಲಿಲ್ಲ. ಎರಡರ ಮಧ್ಯೆ ಸಿಕ್ಕಿ ಸತ್ತವರು ಸುಮಾರು 69 ಸಾವಿರ ಎಂದು 2003ರಲ್ಲಿ ಸತ್ಯಶೋಧನಾ ಆಯೋಗ ಅಂದಾಜು ಮಾಡಿತು. ಅರ್ಧಕ್ಕಿಂತ ಜಾಸ್ತಿ ಸಾವು ಇವನ ಪಕ್ಷದ ಲೆಕ್ಕಕ್ಕೆ. ಸತ್ತ ನಾಲ್ವರಲ್ಲಿ ಮೂವರು ಕೆಚುವಾ ಅಥವಾ ಬೇರೆ ಮೂಲನಿವಾಸಿ ಭಾಷೆಯವರು.

ನಾಯಕ ಸಿಕ್ಕಿದ್ದು ಎಲ್ಲಿ? ರಾಜಧಾನಿ ಲೀಮಾದಲ್ಲಿ, ನೃತ್ಯಶಾಲೆಯೊಂದರ ಮಹಡಿಯಲ್ಲಿ! ಪೊಲೀಸರು ಆ ಮನೆಯ ಕಸ ಹೆಕ್ಕಿ ನೋಡಿದರು. ಸಿಗರೇಟು ತುಂಡು, ಸೋರಿಯಾಸಿಸ್ ಮುಲಾಮಿನ ಟ್ಯೂಬು. ಅವನಿಗೆ ಆ ಚರ್ಮರೋಗ ಇರುವುದು ಅವರಿಗೆ ಗೊತ್ತಿತ್ತು. 1992ರ ಸೆಪ್ಟೆಂಬರ್ 12ರಂದು ಒಳನುಗ್ಗಿ ಹಿಡಿದರು. ಆಮೇಲೆ ಪಟ್ಟೆ ಅಂಗಿ ತೊಡಿಸಿ, ಬೋನಿನಲ್ಲಿಟ್ಟು ಪತ್ರಕರ್ತರಿಗೆ ತೋರಿಸಿದರು. ಆ ತಮಾಷೆ ಬೇಕಿರಲಿಲ್ಲ ಅನಿಸುತ್ತೆ ನನಗೆ.

ಲುಕನಮಾರ್ಕ ಬಗ್ಗೆ ಅವನು 1988ರ ಸಂದರ್ಶನದಲ್ಲಿ ಮಾತಾಡಿದ್ದ. ಅತಿರೇಕ ಆಗಿದ್ದು ನಿಜ ಅಂದ, ಆದರೂ ಅಂಥ ಪೆಟ್ಟು ಅಗತ್ಯವಿತ್ತು ಎಂದೇ ಸಮರ್ಥಿಸಿಕೊಂಡ. ಆರು ತಿಂಗಳ ಕೂಸು ಯಾವ ವರ್ಗಶತ್ರು, ಮೇಷ್ಟ್ರೇ?